ಕೋಟೆ ಬಾಗಿಲಿನ ನಾಗೇಶಿ

ಹುಬ್ಬಳ್ಳಿಯ ಆ ಗೇಮ್ ಸೆಂಟರ್‌ನಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದವಳು ಮಲ್ಲವ್ವ. ಒಂದು ಮಧ್ಯಾಹ್ನ, ಆಡಲು ಬಂದಿದ್ದ ರುದ್ರಗೌಡ, ಅಂಗಡಿ ಮಾಲೀಕನೂ ಅಂಜುವ ಆಸಾಮಿ, ಅವಳ ಮೇಲೆ ಹರಿಹಾಯ್ದ. ದುಡ್ಡು ಸುರಿದು ಆಟದೊಳಗೆ ಬಂಗಾರದ ಕತ್ತಿ ಕೊಂಡಿದ್ದ. ಎದುರಿಗೆ ಬಂದವರೆಲ್ಲ ಒಂದೇ ಏಟಿಗೆ ಬೀಳುತ್ತಿದ್ದರು. ಕೋಟೆ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದ ಒಬ್ಬ ಮಾತ್ರ ಬೀಳಲಿಲ್ಲ. ಅವನ ತಲೆಯ ಮೇಲೆ ‘ನಾಗೇಶಿ’ ಎಂದು ಹೆಸರಿತ್ತು.

“ಯಾಂವ ಈ ನಾಗೇಶಿ? ಈಗಿಂದೀಗ ಅವನ್ನ ಹೊರಗ ಹಾಕು. ಇಲ್ಲಂದ್ರ ನಾಳೆಯಿಂದ ನೀ ಮನ್ಯಾಗ ಕೂಡು.”

ನಾಗೇಶಿ ಯಾರೆಂದು ಮಲ್ಲವ್ವನಿಗೆ ಗೊತ್ತಿತ್ತು. ಹೋದ ವರ್ಷ “ಬರ್ತೇನಕ್ಕಾ, ನನ್ನ ಆಟ ಹಂಗ ಇರ್ಲಿ” ಎಂದು ಇಲ್ಲಿಂದ ಎದ್ದು ಹೋದವನು ದಾರಿಯಲ್ಲೇ ಲಾರಿಗೆ ಸಿಕ್ಕು ಸತ್ತಿದ್ದ.

“ನೆಟ್ ಇಲ್ದ ಈ ಆಟ ನಡಿಯೂದಿಲ್ರಿ ಗೌಡ್ರ. ವಾಯರ್ ಕಿತ್ರ ಇಲ್ಲಿ ಆಡೋವ್ರೆಲ್ಲಾ ಹೊರಗ ಬೀಳ್ತಾರ. ಕೀಳ್ಲೇನ್ರಿ?”

“ಕೀಳು.”

ಕಿತ್ತಳು. ಪರದೆಯಿಂದ ಬಂಗಾರದ ಕತ್ತಿಯವನು ಮಾಯವಾದ. ಕೋಲಿನವನು ನಿಂತೇ ಇದ್ದ. ಮೆಲ್ಲಗೆ ತಿರುಗಿ ಗೌಡನ ಮುಖ ನೋಡಿದ.

“ನೆಟ್ ಬೇಕಾಗೂದು ಬದುಕಿದ್ದವ್ರಿಗೆ ನೋಡ್ರಿ,” ಎಂದಳು ಮಲ್ಲವ್ವ. ದಿನವೂ ಅಂಗಡಿ ಮುಚ್ಚುವಾಗ ವಾಯರ್ ಕಿತ್ತು ನೋಡಿದವಳು ಅವಳು.

ಗೌಡ ಬೆವರುತ್ತ ಬಾಗಿಲಿಗೆ ಹೋದ. ರೂಢಿಯಂತೆ “ಬರ್ತೇನಿ” ಅಂದುಬಿಟ್ಟ. ಅಂದವನೇ ನಾಲಿಗೆ ಕಚ್ಚಿಕೊಂಡ.

“ಇಲ್ಲವ್ವಾ, ಹೋಗ್ತೇನಿ. ಹೋಗೇ ಬಿಡ್ತೇನಿ.”