ಹೆಲ್ಮೆಟ್ಟಿನ ಕೋರಿಕೆ

ಚಂಗಪ್ಪನವರು ಸೈಕಲ್ ಸವಾರಿಗೆಂದು ಹೊಸ ಹೆಲ್ಮೆಟ್ ತಂದಿದ್ದರು. ಒಂದು ಭಾನುವಾರ ಅವರು ಹೊರಟಾಗ ಹೆಲ್ಮೆಟ್ ಬೇಡಿಕೊಂಡಿತು: “ಸ್ವಾಮಿ, ದಾರಿ ತುಂಬ ಧೂಳು. ನನ್ನ ಬಣ್ಣ ಕೆಡುತ್ತದೆ. ಇವತ್ತೊಂದು ದಿನ ಬಿಟ್ಟುಹೋಗಿ.”

“ಆಗಲಿ, ಕೆರೆ ಏರಿಯ ತನಕ ತಾನೆ” ಎಂದು ನಕ್ಕು, ಹಳೆಯ ಕೈಗವಸುಗಳನ್ನಷ್ಟೇ ತೊಟ್ಟು ಅವರು ಹೊರಟರು.

ಮಧ್ಯಾಹ್ನ ಯಾರೋ ಆ ಕೈಗವಸುಗಳನ್ನು ತಂದು ಮೇಜಿನ ಮೇಲಿಟ್ಟರು. ಎರಡೂ ಹರಿದಿದ್ದವು.

“ಯಜಮಾನರೆಲ್ಲಿ?” ಎಂದಿತು ಹೆಲ್ಮೆಟ್.

“ಆಸ್ಪತ್ರೆಯಲ್ಲಿ. ಇಳಿಜಾರಿನಲ್ಲಿ ಬಿದ್ದರು. ಅಂಗೈಗಳನ್ನು ನಾವು ಉಳಿಸಿದೆವು. ತಲೆಗೆ ಯಾರೂ ಇರಲಿಲ್ಲ.”

ಅವರ ದಾರಿ ಕಾಯುತ್ತ ಹೆಲ್ಮೆಟ್ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಕೊನೆಗೊಂದು ದಿನ ಚಂಗಪ್ಪನವರು ಹೆಂಡತಿಯ ಭುಜ ಹಿಡಿದು ಒಳಬಂದರು.

“ತಪ್ಪಾಯಿತು ಸ್ವಾಮಿ, ಇನ್ನು ನನ್ನನ್ನು ಬಿಟ್ಟುಹೋಗಬೇಡಿ” ಎಂದಿತು ಹೆಲ್ಮೆಟ್.

ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಂಡತಿಯನ್ನು ಕೇಳಿದರು: “ಇದು ಯಾರದು?”