ಸಾಕ್ಷಿ ಇಲ್ಲದ ಪುಸ್ತಕಗಳು

೧೯೬೮ರ ಜುಲೈ ೧೨ರ ನನ್ನ ಡೈರಿಯಲ್ಲಿ ಇದನ್ನು ಬರೆದಿಟ್ಟಿದ್ದೇನೆ. ಆಗ ಊರಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗಿ ನಾನೊಬ್ಬಳೇ. ಕಾಲೇಜಿನ ಅಧ್ಯಕ್ಷ ರುದ್ರಮುನಿಯಪ್ಪನವರು ಲೈಬ್ರರಿಗೆ ಬಂದು ಅಟೆಂಡರನಿಗೆ, “ಅನ್ಯಮತದ ಪುಸ್ತಕಗಳಲ್ಲಿ ಬರೀ ಪವಾಡ. ಕಣ್ಣಾರೆ ಕಂಡವರ ಸಾಕ್ಷಿ ಇಲ್ಲದ್ದನ್ನೆಲ್ಲ ರದ್ದಿಗೆ ಹಾಕು. ಆಗದಿದ್ದರೆ ನಾಳೆಯಿಂದ ಬರಬೇಡ” ಎಂದರು.

ಸಂಜೆ ಅಧ್ಯಕ್ಷರು ಮತ್ತೆ ಬಂದು ನೋಡಿದರೆ, ರದ್ದಿಯ ರಾಶಿಯ ಮೇಲೆ ತಮ್ಮ ಗುರುಗಳ ಪವಾಡಗಳ ಬಗ್ಗೆ ತಾವೇ ಬರೆದ ಪುಸ್ತಕವಿತ್ತು.

“ಇದನ್ನೂ ಹಾಕಿದ್ದೀಯೇನೋ?”

“ಅದರಲ್ಲೂ ಸಾಕ್ಷಿ ಸಿಗಲಿಲ್ಲ ಸಾರ್.”

“ನಂಬಿಕೆಗೆ ಸಾಕ್ಷಿ ಯಾಕೋ?”

“ಹಾಗಾದ್ರೆ ಅನ್ಯಮತದವರದ್ದನ್ನೂ ವಾಪಸ್ ಇಡ್ಲಾ ಸಾರ್?”

ಅಧ್ಯಕ್ಷರು ಓದುತ್ತ ಕೂತಿದ್ದ ನಮ್ಮತ್ತ ನೋಡಿದರು. ಯಾರೂ ನಗಲಿಲ್ಲ. “ಇಡು” ಎಂದು ಹೊರಟುಹೋದರು.

ಪುಸ್ತಕಗಳೆಲ್ಲ ಉಳಿದವು. ಆದರೆ ಆ ವಾರವೇ ಅವುಗಳ ಕಪಾಟಿಗೆ ಬೀಗ ಬಿತ್ತು. ಅಟೆಂಡರನ ಕೆಲಸ ಹೋಯಿತು. ಅವನು ಹೆಂಡತಿ ಮಕ್ಕಳೊಡನೆ ಊರು ಬಿಟ್ಟ.