ಮುಂಗುಸಿ ಉಳಿಸಿದ ಹಾವು

ಕೆರೆದಂಡೆಯ ಆಲದಡಿ ಮುದಿ ಕೊಕ್ಕರೆಯೊಂದು ಪ್ರಾಣಿಗಳಿಗೆ ಕಥೆಯಾಟ ಆಡಿಸುತ್ತಿತ್ತು. ಕಥೆ ಕವಲೊಡೆದಲ್ಲೆಲ್ಲ ಅದು ತಡೆದು, "ಈಗ ನೀವೇನು ಮಾಡುತ್ತೀರಿ?" ಎಂದು ಕೇಳುವುದು, ಯಾರು ಯಾವ ದಾರಿ ಆರಿಸಿದರೋ ಅವರ ಕಥೆ ಆ ದಾರಿಯಲ್ಲೇ ಸಾಗುವುದು. ವರ್ಷಗಟ್ಟಲೆ ನಡೆದ ಆ ಆಟದಲ್ಲಿ ಮುಂಗುಸಿ ಒಮ್ಮೆ ಬಾಯಿಗೆ ಸಿಕ್ಕ ಹಾವಿನ ಮರಿಯನ್ನು ಕೊಲ್ಲದೆ ಬಿಟ್ಟಿತ್ತು. ಅದನ್ನು ನೆನೆದಾಗಲೆಲ್ಲ ತಾನು ಬರೀ ಮುಂಗುಸಿಯಲ್ಲ ಎಂದು ಅದಕ್ಕೆ ಅನ್ನಿಸುತ್ತಿತ್ತು.

ಕೊನೆಗೊಂದು ದಿನ ಆಟ ಮುಗಿಯಿತು. "ಪ್ರವಾಹ ಬಂತು, ಎಲ್ಲರೂ ಮುಳುಗಿದರು," ಎಂದಿತು ಕೊಕ್ಕರೆ. ಯಾರು ಯಾವ ದಾರಿ ಹಿಡಿದಿದ್ದರೂ ಅಂತ್ಯ ಅದೊಂದೇ.

"ನಾನು ಉಳಿಸಿದ ಹಾವು ಏನಾಯಿತು, ಅಜ್ಜ?" ಎಂದು ಮುಂಗುಸಿ ಕೇಳಿತು.

"ಯಾವ ಹಾವು?" ಎಂದಿತು ಕೊಕ್ಕರೆ.

ಉಳಿದವರೂ ಸುಮ್ಮನಿರಲಿಲ್ಲ. ಕೋತಿಗಳು ಕೊಂಬೆ ಅಲುಗಿಸಿ ಕಿರುಚಿದವು, ನರಿಗಳು ಊಳಿಟ್ಟವು. ಬೆದರಿದ ಕೊಕ್ಕರೆ ಮರುದಿನ ಅಂತ್ಯವನ್ನೇ ಬದಲಿಸಿತು: ಪ್ರವಾಹ ಇಳಿಯಿತು, ಎಲ್ಲರೂ ಬದುಕಿದರು, ಹಾವೂ ಬದುಕಿತು.

"ಈಗ ಸಮಾಧಾನವಾಯಿತೇ?" ಎಂದು ಮೊಲ ಮುಂಗುಸಿಯನ್ನು ಕೇಳಿತು.

"ಹಾವು ಬದುಕಿದ್ದು ನಾನು ಬಿಟ್ಟಿದ್ದಕ್ಕಲ್ಲ, ನೀವೆಲ್ಲ ಕೂಗಿದ್ದಕ್ಕೆ. ಅಂದು ನಾನು ಅದನ್ನು ಕೊಂದಿದ್ದರೂ ಇಂದು ಬದುಕುತ್ತಿತ್ತು," ಎಂದಿತು ಮುಂಗುಸಿ.

ಮಳೆಗಾಲ ಕಳೆದ ಮೇಲೆ ಕೊಕ್ಕರೆ ಹೊಸ ಆಟ ಹೂಡಿತು. ರೂಢಿಬಲದಿಂದ ಮುಂಗುಸಿಯೂ ಬಂದು ಕುಳಿತಿತು. ಅದರ ಸರದಿ ಬಂದಾಗ ಕೊಕ್ಕರೆ, "ಎಡಕ್ಕೋ, ಬಲಕ್ಕೋ?" ಎಂದು ಕೇಳಿತು.

"ನೀವೇ ಹೇಳಿಬಿಡಿ, ಅಜ್ಜ," ಎಂದು ಮುಂಗುಸಿ ಕಣ್ಣು ಮುಚ್ಚಿಕೊಂಡಿತು.